ಬೇರಿಲ್ಲದ ಬಳ್ಳಿ

ಉದ್ದಿನ ಹೊಲದ ಮೇಲೆ ಯಾರೋ ಹಳದಿ ನೂಲುಂಡೆ ಬಿಚ್ಚಿ ಎಸೆದ ಹಾಗೆ ಕಂಡರೆ ಅದು ಕಸ್ಕ್ಯೂಟಾ, ಬೇರೆ ಗಿಡದ ಸಾರ ಹೀರಿ ಬದುಕುವ ಪರಾವಲಂಬಿ ಬಳ್ಳಿ. ಎಲೆಯಿಲ್ಲ. ಮೊಳೆತಾಗ ಇದ್ದ ಬೇರಿನಂಥ ತುದಿಯೂ ಗಿಡ ಸಿಕ್ಕಮೇಲೆ ಒಣಗಿಹೋಗುತ್ತದೆ. ಬಳ್ಳಿ ಕಾಂಡಕ್ಕೆ ಸುತ್ತು ಹಾಕಿದ ಕಡೆ ಬಿಡಿಸಿ ನೋಡಿ, ಒಳಮಗ್ಗುಲಲ್ಲಿ ಸಣ್ಣ ಗಂಟುಗಳ ಸಾಲು. ಅವೇ ಹೀರುಬೇರು, ಕಾಂಡದೊಳಗಿನ ನಾಳದವರೆಗೂ ಇಳಿದು ನೀರು, ಸಕ್ಕರೆ, ಸಾರಜನಕ ಎಳೆಯುತ್ತವೆ. ಹೂ ಉದುರುತ್ತದೆ, ಕಾಯಿ ಜೊಳ್ಳಾಗುತ್ತದೆ.

ಎಲ್ಲರೂ ಮಾಡುವ ತಪ್ಪು, ಬಳ್ಳಿಯನ್ನಷ್ಟೇ ಕಿತ್ತು ಬದುವಿಗೆ ಎಸೆಯುವುದು. ಗಿಡದ ಮೇಲೆ ಉಳಿದ ಒಂದು ತುಂಡಿನಿಂದ ಮತ್ತೆ ಚಿಗುರುತ್ತದೆ. ಹೂ ಬಿಡುವ ಮೊದಲೇ, ಬಳ್ಳಿ ಹತ್ತಿದ ಗಿಡವನ್ನೂ ಸೇರಿಸಿ ಕಿತ್ತು ಸುಡಬೇಕು. ಹತ್ತು ಗಿಡ ಕೀಳಲು ಮನಸ್ಸು ಹಿಂಜರಿಯುತ್ತದೆ, ನಿಜ. ಆದರೆ ಒಮ್ಮೆ ಬೀಜ ಉದುರಿದರೆ ಅದರ ಗಟ್ಟಿ ಸಿಪ್ಪೆಯಿಂದಾಗಿ 10 ವರ್ಷಕ್ಕೂ ಹೆಚ್ಚು ಕಾಲ ಮಣ್ಣಲ್ಲಿ ಜೀವ ಹಿಡಿದಿರುತ್ತದೆ.

ಬೆಳೆಯ ಬೇರಿಗೆ ಅಂಟಿ ಬದುಕುವ ಇನ್ನೊಂದು ಪರಾವಲಂಬಿ ಕಳೆ ಒರೊಬಾಂಕಿ ಇನ್ನೂ ಕಳ್ಳ. ಮಸೂರ, ಬಾಕಳೆ ಅವರೆಯ ಬೇರು ಸ್ರವಿಸುವ ರಾಸಾಯನಿಕದ ಸುಳಿವು ಸಿಗದೆ ಅದರ ಧೂಳಿನಂಥ ಬೀಜ ಮೊಳೆಯುವುದೇ ಇಲ್ಲ. ಬೇರು ಹಿಡಿದು ವಾರಗಟ್ಟಲೆ ನೆಲದಡಿ ಬೆಳೆದು, ಹೂದಂಡು ಮೇಲೆ ಬರುವಷ್ಟರಲ್ಲಿ ಬೆಳೆ ಅರ್ಧ ಸೋತಿರುತ್ತದೆ. ಕೀಳುವುದು ಮುಂದಿನ ವರ್ಷದ ಲಾಭಕ್ಕೆ ಮಾತ್ರ.

ಕಸ್ಕ್ಯೂಟಾ ಬಂದ ಹೊಲಕ್ಕೆ ಎರಡು ಮೂರು ಹಂಗಾಮು ಜೋಳ ಅಥವಾ ಮೆಕ್ಕೆಜೋಳ ಹಾಕಿ, ಅವುಗಳ ಮೇಲೆ ಅದು ಬದುಕಲಾರದು. ಬಿತ್ತನೆ ಬೀಜವನ್ನು ಜರಡಿ ಹಿಡಿಯದೆ ಬಿತ್ತಬೇಡಿ. ಮೇವಿನ ಬೆಳೆ ಕುದುರೆ ಮೆಂತ್ಯದ (ಲೂಸರ್ನ್) ಬೀಜದಲ್ಲಂತೂ ಅದರ ಮತ್ತು ಕಸ್ಕ್ಯೂಟಾ ಬೀಜದ ಗಾತ್ರ ಹತ್ತಿರಹತ್ತಿರವಿರುವುದರಿಂದ ಜರಡಿಯೂ ಸೋಲುತ್ತದೆ.