ಲಂಡನ್ನಿನ ಒಳಚರಂಡಿಯಲ್ಲಿ ಸಿಕ್ಕ ಪೋಲಿಯೊ, ಮನೆಗೆ ಬಂದ ಸಂದೇಶ

2022ರ ಜೂನ್ 22ರಂದು ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆಯು ಒಂದು ಪ್ರಕಟಣೆ ಹೊರಡಿಸಿತು. ಲಂಡನ್ನಿನ ಬೆಕ್ಟನ್ ಒಳಚರಂಡಿ ಶುದ್ಧೀಕರಣ ಘಟಕದಿಂದ ಆ ವರ್ಷದ ಫೆಬ್ರವರಿಯಿಂದ ಮೇವರೆಗೆ ತೆಗೆದ ಮಾದರಿಗಳಲ್ಲಿ ಒಂದಕ್ಕೊಂದು ನಂಟಿರುವ ಪೋಲಿಯೊ ವೈರಾಣುಗಳು ಸಿಕ್ಕಿವೆ ಎಂಬುದು ಅದರ ಸಾರಾಂಶ. ಆ ದಿನದವರೆಗೆ ನಗರದಲ್ಲಿ ಪೋಲಿಯೊದಿಂದ ಅಂಗವೈಕಲ್ಯವಾದ ಹೊಸ ಪ್ರಕರಣ ಒಂದೂ ವರದಿಯಾಗಿರಲಿಲ್ಲ. ಈ ದೇಶದಲ್ಲೇ ತಗುಲಿದ ಕೊನೆಯ ಸಹಜ ಪೋಲಿಯೊ ಪ್ರಕರಣ 1984ರದು. 2003ರಲ್ಲಿ ದೇಶವನ್ನು ಪೋಲಿಯೊಮುಕ್ತವೆಂದು ಘೋಷಿಸಲಾಗಿತ್ತು. ರೋಗಿಯೇ ಇಲ್ಲದ ರೋಗದ ಬಗ್ಗೆ ಸರ್ಕಾರ ಜನರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬ ಪ್ರಶ್ನೆಯನ್ನು ಪೂರ್ವ ಲಂಡನ್ನಿನಲ್ಲಿ ವಾಸಿಸುವ ನಾನು ಆ ಬೇಸಿಗೆಯಿಡೀ ಹತ್ತಿರದಿಂದ ನೋಡಿದೆ.

ಈ ಪತ್ತೆಯ ಹಿಂದೆ ಹಳೆಯ ಇತಿಹಾಸವಿದೆ. 1854ರಲ್ಲಿ ಸೋಹೊ ಪ್ರದೇಶದ ಬ್ರಾಡ್ ಸ್ಟ್ರೀಟ್ ಪಂಪಿನ ನೀರಿಗೂ ಕಾಲರಾಕ್ಕೂ ಇದ್ದ ಸಂಬಂಧವನ್ನು ವೈದ್ಯ ಜಾನ್ ಸ್ನೋ ತೋರಿಸಿದ್ದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ ಭವನದೊಳಕ್ಕೂ ನುಗ್ಗಿದ ಮೇಲೆ, ಎಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ ಅವರ ನೇತೃತ್ವದಲ್ಲಿ ಇಡೀ ನಗರಕ್ಕೆ ಒಳಚರಂಡಿ ಜಾಲ ನಿರ್ಮಾಣವಾಯಿತು. ಆ ಜಾಲದ ಉತ್ತರ ಭಾಗದ ಕೊಳಚೆ ಇಂದಿಗೂ ಬೆಕ್ಟನ್‌ಗೇ ಹೋಗಿ ಸೇರುತ್ತದೆ. ಉತ್ತರ ಮತ್ತು ಪೂರ್ವ ಲಂಡನ್ನಿನ ಸುಮಾರು 40 ಲಕ್ಷ ಜನರ ಮಲಮೂತ್ರ ಹರಿದು ಬರುವ ಆ ಒಂದು ಜಾಗದಲ್ಲಿ ನಿಯತವಾಗಿ ಮಾದರಿ ತೆಗೆದರೆ, ಯಾರನ್ನೂ ಮುಟ್ಟದೆ, ಯಾರ ಹೆಸರನ್ನೂ ಕೇಳದೆ ಅರ್ಧ ನಗರದ ತಪಾಸಣೆಯಾದಂತೆ.

ವರ್ಷಕ್ಕೆ ಒಂದರಿಂದ ಮೂರು ಬಾರಿ ಈ ದೇಶದ ಕೊಳಚೆಯಲ್ಲಿ ಪೋಲಿಯೊ ಲಸಿಕೆಯ ವೈರಾಣು ಸಿಗುವುದು ಸಾಮಾನ್ಯ ಸಂಗತಿ. ಬಾಯಿಗೆ ಹಾಕುವ ಹನಿಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಇರುತ್ತದೆ. ಹನಿ ಹಾಕಿಸಿಕೊಂಡು ಬೇರೆ ದೇಶದಿಂದ ಬಂದವರ ಮಲದಲ್ಲಿ ಅದು ಕೆಲವು ವಾರ ಹೊರಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. 2022ರಲ್ಲಿ ಅದು ಮುಗಿಯಲಿಲ್ಲ. ತಿಂಗಳಿಂದ ತಿಂಗಳಿಗೆ ಸಿಕ್ಕ, ಪೋಲಿಯೊದ ಮೂರು ಬಗೆಗಳಲ್ಲಿ ಎರಡನೆಯ ಬಗೆಯ (ಟೈಪ್ 2) ವೈರಾಣುಗಳು ಒಂದೇ ಸಂತತಿಯವಾಗಿದ್ದವು ಮತ್ತು ರೂಪಾಂತರಗೊಳ್ಳುತ್ತ ಹೋಗಿದ್ದವು. ಅಂದರೆ ಅದು ಎಲ್ಲೋ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಬ್ರಿಟನ್ 2004ರಲ್ಲೇ ಹನಿಗಳನ್ನು ಬಿಟ್ಟು ಚುಚ್ಚುಮದ್ದಿಗೆ ಬದಲಾಗಿದೆ. ಚುಚ್ಚುಮದ್ದು ಅಂಗವೈಕಲ್ಯದಿಂದ ಚೆನ್ನಾಗಿಯೇ ಕಾಪಾಡುತ್ತದೆ. ಆದರೆ ಕರುಳಿನಲ್ಲಿ ವೈರಾಣು ಬೆಳೆಯುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಹೀಗಾಗಿ ಲಸಿಕೆ ಪಡೆದವರ ನಡುವೆಯೂ ಸದ್ದಿಲ್ಲದೆ ಹರಡಿ, ಲಸಿಕೆ ಇಲ್ಲದ ಒಂದು ಮಗುವನ್ನು ಅದು ತಲುಪಬಹುದಿತ್ತು. ಲಂಡನ್ನಿನಲ್ಲಿ ಅಂಥ ಮಕ್ಕಳಿಗೆ ಕೊರತೆಯಿರಲಿಲ್ಲ: ಒಂದು ವರ್ಷ ತುಂಬುವುದರೊಳಗೆ ಮೂರು ಡೋಸ್ ಪೂರೈಸಿದ ಮಕ್ಕಳ ಪ್ರಮಾಣ ಇಲ್ಲಿ ಶೇಕಡಾ 90ಕ್ಕಿಂತ ಕೆಳಗಿತ್ತು.

ಜೂನ್ ತಿಂಗಳ ಪ್ರಕಟಣೆಯನ್ನು ನಾನು ಮೆಚ್ಚುತ್ತೇನೆ. ಸಿಕ್ಕಿದ್ದು ಏನು, ಇನ್ನೂ ತಿಳಿಯದಿರುವುದು ಏನು, ಬಹುಪಾಲು ಜನರಿಗೆ ಅಪಾಯ ಏಕೆ ಕಡಿಮೆ ಎಂಬುದನ್ನು ಅದು ಒಂದೊಂದಾಗಿ ಹೇಳಿತ್ತು. ಎರಡು ವರ್ಷ ಹಿಂದೆ, 2020ರ ಮೇ 10ರಂದು, ‘ಮನೆಯಲ್ಲೇ ಇರಿ’ ಎಂಬ ಘೋಷಣೆಯನ್ನು ಕೈಬಿಟ್ಟು ‘ಎಚ್ಚರವಾಗಿರಿ’ ಎಂದು ಹೇಳಿದಾಗ ಎಚ್ಚರವೆಂದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಾಗಿರಲಿಲ್ಲ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ಹಳೆಯ ಮಾತನ್ನೇ ಉಳಿಸಿಕೊಂಡಿದ್ದವು. ಆ ಗೊಂದಲಕ್ಕೆ ಹೋಲಿಸಿದರೆ ಇದು ಬಲು ದೊಡ್ಡ ಸುಧಾರಣೆ.

ಕಷ್ಟ ಶುರುವಾದದ್ದು ಆಗಸ್ಟ್ 10ರಂದು. ಲಂಡನ್ನಿನಲ್ಲಿರುವ ಒಂದರಿಂದ ಒಂಬತ್ತು ವರ್ಷದ ಎಲ್ಲ ಮಕ್ಕಳಿಗೂ, ಹಿಂದಿನ ಲಸಿಕೆಗಳೆಲ್ಲ ಆಗಿದ್ದರೂ, ಒಂದು ಹೆಚ್ಚುವರಿ ಪೋಲಿಯೊ ಡೋಸ್ ಕೊಡಬೇಕೆಂದು ತಜ್ಞರ ಸಮಿತಿ ಸಲಹೆ ನೀಡಿತು. ಸುಮಾರು 10 ಲಕ್ಷ ಮಕ್ಕಳು. ಅಪಾಯ ಕಡಿಮೆ ಎಂದವರೇ ಎಲ್ಲರೂ ಬನ್ನಿ ಎನ್ನುತ್ತಿದ್ದರು. ಎರಡೂ ಮಾತು ನಿಜವೇ, ಆದರೆ ಅವೆರಡನ್ನೂ ಜೋಡಿಸುವ ಕಾರಣ ಸರ್ಕಾರದ ಜಾಲತಾಣದಲ್ಲಿ ಇತ್ತೇ ಹೊರತು ತಾಯಂದಿರ ಮೊಬೈಲಿಗೆ ಬಂದ ಎರಡು ಸಾಲಿನ ಸಂದೇಶದಲ್ಲಿ ಇರಲಿಲ್ಲ.

ಹೊಸದಾಗಿ ಬಂದಿದ್ದ ಒಂದು ಕನ್ನಡ ಕುಟುಂಬದ ಜೊತೆ, ಮಾತಿಗೆ ನೆರವಾಗಲೆಂದು, ನಾನು ಅವರ ಜಿಪಿ ಸರ್ಜರಿಗೆ, ಅಂದರೆ ಕುಟುಂಬ ವೈದ್ಯರ ಚಿಕಿತ್ಸಾಲಯಕ್ಕೆ, ಹೋಗಿದ್ದೆ. ಮಗುವಿನ ತಾಯಿ ಪ್ಲಾಸ್ಟಿಕ್ ಕವರಿನಿಂದ ಊರಿನ ಲಸಿಕಾ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟರು; ಪ್ರತಿ ಚೌಕದಲ್ಲೂ ದಿನಾಂಕ, ಸಹಿ, ಒಂದೂ ಖಾಲಿಯಿಲ್ಲ. ನರ್ಸ್ ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಓದಿ, ಇದೆಲ್ಲ ಸರಿಯಿದೆ, ಆದರೂ ಇವತ್ತು ಒಂದು ಚುಚ್ಚುಮದ್ದು ಬೇಕು ಎಂದರು. ತಾಯಿ ನನ್ನ ಕಡೆ ತಿರುಗಿ, “ಅಕ್ಕ, ಎಲ್ಲಾ ಹಾಕಿಸಿದ್ದೀವಲ್ಲ, ಮತ್ತೆ ಯಾಕಂತೆ? ನಮ್ಮ ಕಡೆ ಹಾಕಿದ್ದು ಲೆಕ್ಕಕ್ಕಿಲ್ವಂತಾ?” ಎಂದರು. ಆ ಪ್ರಶ್ನೆಯಲ್ಲಿ ಲಸಿಕೆಯ ಭಯ ಎಳ್ಳಷ್ಟೂ ಇರಲಿಲ್ಲ. ಕರ್ತವ್ಯವನ್ನು ಚಾಚೂತಪ್ಪದೆ ಮಾಡಿದವಳನ್ನು ಅನುಮಾನಿಸಿದ ನೋವು ಇತ್ತು.

ಉತ್ತರ ಸರಳವಾಗಿಯೇ ಇತ್ತು, ನರ್ಸ್ ಅದನ್ನು ಬಲ್ಲವರೂ ಆಗಿದ್ದರು. 2016ರ ಏಪ್ರಿಲ್ ನಂತರ ಜಗತ್ತಿನಾದ್ಯಂತ ವಾಡಿಕೆಯ ಹನಿಗಳಿಂದ ಎರಡನೆಯ ಬಗೆಯ ವೈರಾಣುವನ್ನು ತೆಗೆದುಹಾಕಲಾಗಿದೆ. ಲಂಡನ್ನಿನ ಕೊಳಚೆಯಲ್ಲಿ ಸಿಕ್ಕಿದ್ದು ಅದೇ ಬಗೆ. ಅದರಿಂದ ರಕ್ಷಣೆ ಬರುವುದು ಚುಚ್ಚುಮದ್ದಿನಿಂದ. ಇಲ್ಲಿಯೇ ಹುಟ್ಟಿ ಎಲ್ಲ ಡೋಸ್ ಪಡೆದ ಮಕ್ಕಳಿಗೂ ಆಗ ಇನ್ನೊಂದನ್ನು ಕೊಡಲಾಗುತ್ತಿತ್ತು. ಈ ಕೊನೆಯ ಮಾತು ಕೇಳಿದ ಕೂಡಲೇ ಆ ತಾಯಿ ಮಗುವಿನ ತೋಳು ಮೇಲೇರಿಸಿದರು. ಮೊದಲ ಸಂದೇಶದಲ್ಲೇ ಅದೊಂದು ವಾಕ್ಯ ಸೇರಿಸಲು ಏನು ಅಡ್ಡಿಯಿತ್ತೋ ನಾನು ಕಾಣೆ.

ಲಸಿಕೆ ಹಾಕಿಸದವರೆಲ್ಲ ಅಪನಂಬಿಕೆಯವರು ಎಂಬ ತೀರ್ಮಾನಕ್ಕೆ ಬರುವುದೂ ಇಲ್ಲಿ ಬಹಳ ಸುಲಭ. ಉತ್ತರ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್‌ನಲ್ಲಿ ವಾಸಿಸುವ ಸಂಪ್ರದಾಯಸ್ಥ ಯಹೂದಿ ಸಮುದಾಯದ ಬಗ್ಗೆ ಪತ್ರಿಕೆಗಳು ಅಂದು ಹಾಗೇ ಬರೆದವು. ಐದಾರು ಮಕ್ಕಳಿರುವ ಮನೆಯಲ್ಲಿ, ವಾರದ ದಿನ, ಶಾಲೆ ನಡೆಯುವ ಹೊತ್ತಿನಲ್ಲೇ ಒಂದೊಂದು ಮಗುವಿಗೂ ಬೇರೆ ಬೇರೆ ಸಮಯ ಗೊತ್ತುಮಾಡಿದರೆ ಯಾರಾದರೂ ಎಷ್ಟು ಸಲ ಬಂದಾರು? ಭಾನುವಾರ ಬಾಗಿಲು ತೆರೆದಿರುವ, ಅಣ್ಣತಮ್ಮಂದಿರನ್ನೆಲ್ಲ ಒಟ್ಟಿಗೇ ಕರೆತರಬಹುದಾದ ಕ್ಲಿನಿಕ್ ಮಾಡುವ ಕೆಲಸವನ್ನು ಕರಪತ್ರ ಮಾಡಲಾರದು.

ಅಪನಂಬಿಕೆ ಇಲ್ಲವೇ ಇಲ್ಲವೆಂದಲ್ಲ. ದಡಾರ, ಮಂಗನಬಾವು, ರುಬೆಲ್ಲಾಗಳ ಜಂಟಿ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು 12 ಮಕ್ಕಳ ಆಧಾರದ ಮೇಲೆ ಹುಟ್ಟುಹಾಕಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಪ್ರಬಂಧ 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು ಈ ನಗರದಿಂದಲೇ. ಪತ್ರಿಕೆ ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಹನ್ನೆರಡು ವರ್ಷ! ಆ ಅನುಭವದಿಂದ ಕಲಿತರೋ ಏನೋ, 2021ರ ಏಪ್ರಿಲ್ 7ರಂದು ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ವಿಷಯ ಬಂದಾಗ, ಇಂಗ್ಲೆಂಡಿನ ಅಂದಿನ ಉಪ ಮುಖ್ಯ ವೈದ್ಯಾಧಿಕಾರಿ ಜೋನಾಥನ್ ವ್ಯಾನ್ ಟಾಮ್ ಟಿವಿಯ ಮುಂದೆ ವಯೋಮಾನವಾರು ಲಾಭ ಮತ್ತು ಹಾನಿಗಳ ನಕ್ಷೆಗಳನ್ನು ತೋರಿಸಿ, 30 ವರ್ಷದೊಳಗಿನವರಿಗೆ ಬೇರೆ ಲಸಿಕೆ ಕೊಡುವುದು ಏಕೆ ಲೇಸು ಎಂದು ವಿವರಿಸಿದರು. ಹಾನಿಯನ್ನು ಮುಚ್ಚಿಡದೆ ಲೆಕ್ಕ ಒಪ್ಪಿಸಿದ್ದರಿಂದ ನನ್ನ ಪರಿಚಯದ ಅನೇಕರ ನಂಬಿಕೆ ಗಟ್ಟಿಯಾಯಿತು.

ಸಿದ್ಧತೆಯ ವಿಷಯದಲ್ಲಿ ಈ ದೇಶವನ್ನು ಹೊಗಳುವವರು 2024ರ ಜುಲೈನಲ್ಲಿ ಬಂದ ಕೋವಿಡ್ ವಿಚಾರಣಾ ಆಯೋಗದ ಮೊದಲ ವರದಿಯನ್ನೂ ನೋಡಬೇಕು. 2016ರಲ್ಲೇ ‘ಸಿಗ್ನಸ್’ ಹೆಸರಿನ ದೊಡ್ಡ ತಾಲೀಮು ನಡೆಸಿದ್ದ ಸರ್ಕಾರ ಫ್ಲೂ ಸಾಂಕ್ರಾಮಿಕಕ್ಕೆ ಸಿದ್ಧವಾಗಿತ್ತೇ ಹೊರತು ಬಂದೆರಗಿದ ರೋಗಕ್ಕಲ್ಲ ಎಂದು ಆಯೋಗದ ಅಧ್ಯಕ್ಷೆ ಹೆದರ್ ಹ್ಯಾಲೆಟ್ ಅದರಲ್ಲಿ ಹೇಳಿದ್ದಾರೆ. ಕೊಳಚೆ ಪರೀಕ್ಷೆಯ ಹೆಚ್ಚುಗಾರಿಕೆಯೂ ಇಲ್ಲೇ ಇದೆ: ಅದು ಊಹೆಯ ಮೇಲೆ ನಿಂತಿಲ್ಲ, ಇದ್ದದ್ದನ್ನು ತೋರಿಸುತ್ತದೆ.

2022ರ ಆ ಸರಣಿಯಲ್ಲಿ ಯಾವ ಮಗುವಿಗೂ ಅಂಗವೈಕಲ್ಯವಾಗಲಿಲ್ಲ. 2024ರ ಕೊನೆಯಲ್ಲಿ ಲಂಡನ್, ಲೀಡ್ಸ್ ಮತ್ತು ವರ್ದಿಂಗ್ ಊರುಗಳ ಕೊಳಚೆಯಲ್ಲಿ ಎರಡನೆಯ ಬಗೆಯ ವೈರಾಣು ಮತ್ತೆ ಸಿಕ್ಕಿತು. ಆದ್ದರಿಂದ ಮಕ್ಕಳೊಂದಿಗೆ ಇತ್ತ ಬರುವವರು ಲಸಿಕಾ ಕಾರ್ಡಿನ ಮೂಲಪ್ರತಿಯನ್ನು ಕೈಚೀಲದಲ್ಲೇ ತರುವುದು, ಪ್ರತಿ ಪೋಲಿಯೊ ಡೋಸ್ ಹನಿಯೋ ಚುಚ್ಚುಮದ್ದೋ ಎಂಬುದನ್ನು ದಿನಾಂಕದ ಪಕ್ಕದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳುವುದು ಒಳ್ಳೆಯದು. ನಂಬಲರ್ಹ ದಾಖಲೆ ಇಲ್ಲದಿದ್ದರೆ ಲಸಿಕೆಯೇ ಆಗಿಲ್ಲವೆಂದು ಭಾವಿಸಿ ಮೊದಲಿನಿಂದ ಕೊಡುವುದು ಇಲ್ಲಿನ ನಿಯಮ. ಜಿಪಿಯಲ್ಲಿ ನೋಂದಾಯಿಸಲು ಶುಲ್ಕವಿಲ್ಲ, ಮಕ್ಕಳ ವಾಡಿಕೆಯ ಲಸಿಕೆಗಳಿಗೂ ಇಲ್ಲ. ನೋಂದಣಿಯಾದ ಮೇಲೆ ಕರೆ ಬರಲೆಂದು ಕಾಯದೆ ಕಾರ್ಡಿನೊಂದಿಗೆ ನರ್ಸ್ ಅವರನ್ನು ಕಾಣಲು ನೀವೇ ಸಮಯ ಕೇಳಬಹುದು.