ಪ್ಲಗಿನ್ ಬರೆಯುವ ಮೊದಲು ಫೈಲ್ ಓದಲು ಕಲಿಯಿರಿ

ನನ್ನ ಕೆಲಸ ಡಿಸೈನ್ ತಂಡಕ್ಕೆ ಪ್ಲಗಿನ್, ಅಂದರೆ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ಗೆ ಹೊಸ ಕೆಲಸ ಕಲಿಸುವ ಚಿಕ್ಕ ಪ್ರೋಗ್ರಾಂ, ಬರೆದುಕೊಡುವುದು. ಡಿಸೈನರ್‌ಗಳು ದಿನವಿಡೀ ಕೈಯಲ್ಲಿ ಮಾಡುವ ಬೇಸರದ ಕೆಲಸವನ್ನು ಒಂದು ಕ್ಲಿಕ್ಕಿಗೆ ಇಳಿಸುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲು ಕೇಳುವುದು ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ. ಪೈಥಾನ್ ಸಾಕಾ, ಜಾವಾಸ್ಕ್ರಿಪ್ಟ್ ಬೇಕಾ? ಯಾವುದಾದರೂ ಒಂದು ಚೆನ್ನಾಗಿ ಬಂದರೆ ಇನ್ನೊಂದು ಬೇಗ ಬರುತ್ತದೆ. ನಿಜವಾದ ಕಷ್ಟ ಬೇರೆ ಕಡೆ ಇದೆ. ಪರದೆಯ ಮೇಲೆ ನಮಗೆ ಒಂದು ಚಿತ್ರ ಕಾಣುತ್ತದೆ. ಸಾಫ್ಟ್‌ವೇರ್ ಒಳಗೆ ಅದು ಒಂದರೊಳಗೆ ಒಂದು ಸೇರಿಕೊಂಡ ವಸ್ತುಗಳ ಪಟ್ಟಿ. ಪ್ಲಗಿನ್ ಕೈಗೆ ಸಿಗುವುದು ಆ ಪಟ್ಟಿ ಮಾತ್ರ. ಅದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿಯಿತು.

ಓದಲು ಕಲಿಯುವುದಕ್ಕೆ ಚಿತ್ರ ಬಿಡಿಸುವ ಉಚಿತ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅದರ ಫೈಲ್ ಎಸ್‌ವಿಜಿ, ಅಂದರೆ ಆಕಾರಗಳನ್ನು ಪದ ಮತ್ತು ಸಂಖ್ಯೆಗಳಲ್ಲಿ ಬರೆದಿಡುವ ಬರೀ ಪಠ್ಯ. ಯಾವ ಟೆಕ್ಸ್ಟ್ ಎಡಿಟರ್‌ನಲ್ಲಾದರೂ ತೆರೆದು ನೋಡಬಹುದು. ಇಂಕ್‌ಸ್ಕೇಪ್ ಒಳಗೇ ಈ ಪಠ್ಯವನ್ನು ತೋರಿಸುವ ಎಕ್ಸ್‌ಎಂಎಲ್ ಎಡಿಟರ್ ಇದೆ. ಅದನ್ನು ಪಕ್ಕದಲ್ಲಿ ತೆರೆದಿಟ್ಟು ಒಂದು ಚೌಕವನ್ನು ಎಳೆದಾಡಿ, ಯಾವ ಸಂಖ್ಯೆ ಬದಲಾಯಿತು ಅಂತ ನೋಡುತ್ತಾ ಹೋಗಿ. ಪ್ಲಗಿನ್‌ಗೆ ಇಲ್ಲಿ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಬೇಕಾಗುವುದು ಎರಡು ಫೈಲ್. ಮೆನುವಿನಲ್ಲಿ ಯಾವ ಹೆಸರು, ಯಾವ ಆಯ್ಕೆಗಳು ಅಂತ ಹೇಳುವ ಐಎನ್‌ಎಕ್ಸ್ ಫೈಲ್ ಒಂದು, ಕೆಲಸ ಮಾಡುವ ಪೈಥಾನ್ ಫೈಲ್ ಇನ್ನೊಂದು. ಇಂಕ್‌ಸ್ಕೇಪ್ ನಿಮ್ಮ ಡ್ರಾಯಿಂಗಿನ ಒಂದು ತಾತ್ಕಾಲಿಕ ಪ್ರತಿಯನ್ನು ಪೈಥಾನ್‌ಗೆ ಕೊಡುತ್ತದೆ. ಪೈಥಾನ್ ಅದನ್ನು ಬದಲಿಸಿ ವಾಪಸ್ ಬರೆಯುತ್ತದೆ. ಇಷ್ಟೇ ವ್ಯವಹಾರ. ಹಾಗಾಗಿ ಇಂಕ್‌ಸ್ಕೇಪ್ ತೆರೆಯದೆ ಟರ್ಮಿನಲ್‌ನಲ್ಲೇ (ಕಮಾಂಡ್ ಟೈಪ್ ಮಾಡುವ ಕಿಟಕಿ) ಪೈಥಾನ್ ಫೈಲ್ ಓಡಿಸಿ, ಹಳೆಯ ಫೈಲ್ ಮತ್ತು ಹೊಸ ಫೈಲ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಒಂದು ಉದಾಹರಣೆ ನೋಡೋಣ. ನಮ್ಮಲ್ಲಿ ಪದೇ ಪದೇ ಬರುವ ಬೇಡಿಕೆ ಇದು: ಪ್ರತಿ ಐಕಾನ್ ತನ್ನ ಚೌಕಟ್ಟಿನ ಸರಿಯಾದ ನಡುವೆ ಇದೆಯಾ ಅಂತ ಪರೀಕ್ಷಿಸಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ಆಕಾರದ ಎಕ್ಸ್ ಬೆಲೆ (ಎಡದಿಂದ ಎಷ್ಟು ದೂರ) ತೆಗೆದುಕೊಳ್ಳುವುದು, ಕೂಡಿ ಕಳೆಯುವುದು, ಮುಗಿಯಿತು. ಆದರೆ ಆ ಆಕಾರ ಒಂದು ಗ್ರೂಪ್ ಒಳಗೆ ಇದೆ ಅಂದುಕೊಳ್ಳಿ. ಗ್ರೂಪ್ ಅನ್ನು ಯಾರೋ 50 ಅಂಕ ಬಲಕ್ಕೆ ಸರಿಸಿದ್ದಾರೆ. ಆಕಾರದ ಎಕ್ಸ್ ಬೆಲೆ ಈಗಲೂ 10 ಅಂತಲೇ ಇರುತ್ತದೆ, ಪರದೆಯಲ್ಲಿ ಮಾತ್ರ ಅದು 60ರಲ್ಲಿ ಕಾಣುತ್ತದೆ. ಗ್ರೂಪ್ ಅನ್ನು ಎರಡು ಪಟ್ಟು ಹಿಗ್ಗಿಸಿದ್ದರೆ, ಒಳಗೆ 10 ಅಂಕ ಸರಿಸಿದ್ದು ಹೊರಗೆ 20 ಆಗುತ್ತದೆ. ತಿರುಗಿಸಿದ್ದರಂತೂ ಬಲಕ್ಕೆ ಸರಿಸಿದ್ದು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಗ್ರೂಪ್ ಒಳಗೆ ಗ್ರೂಪ್ ಇದ್ದರೆ ಈ ಬದಲಾವಣೆಗಳೆಲ್ಲ ಒಂದರ ಮೇಲೊಂದು ಗುಣಿಸುತ್ತಾ ಹೋಗುತ್ತವೆ. ಇಂಕ್‌ಸ್ಕೇಪ್ ಜೊತೆಗೆ ಬರುವ ಇಂಕೆಕ್ಸ್ ಎಂಬ ಪೈಥಾನ್ ಲೈಬ್ರರಿಯಲ್ಲಿ (ಸಿದ್ಧ ಕೋಡ್‌ನ ಸಂಗ್ರಹ) ಇದನ್ನೆಲ್ಲ ಸೇರಿಸಿ ಕೊಡುವ ಫಂಕ್ಷನ್ ಇದೆ. ಆದರೂ ಒಮ್ಮೆ ಕಾಗದದ ಮೇಲೆ ಕೈಯಾರೆ ಲೆಕ್ಕ ಹಾಕಿ ನೋಡಿ ಅಂತ ನಾನು ಎಲ್ಲರಿಗೂ ಒತ್ತಾಯ ಮಾಡುತ್ತೇನೆ. ಮುಂದೆ ಯಾವ ಸಾಫ್ಟ್‌ವೇರ್‌ಗೆ ಹೋದರೂ ಈ ಲೆಕ್ಕ ಎದುರಾಗುತ್ತದೆ.

ಎದುರಾಗುವ ರೀತಿ ಮಾತ್ರ ಬೇರೆ. ಆ್ಯಪ್ ಪರದೆ, ವೆಬ್‌ಪುಟಗಳನ್ನು ವಿನ್ಯಾಸ ಮಾಡುವ ಫಿಗ್ಮಾದಲ್ಲಿ ಫ್ರೇಮ್ (ವಿನ್ಯಾಸದ ಚೌಕಟ್ಟು) ಒಳಗಿನ ವಸ್ತುವಿನ ಜಾಗವನ್ನು ಆ ಫ್ರೇಮ್‌ನಿಂದ ಅಳೆಯುತ್ತಾರೆ. ಅದೇ ವಸ್ತು ಗ್ರೂಪ್ ಒಳಗಿದ್ದರೆ ಗ್ರೂಪ್ ಅನ್ನು ಬಿಟ್ಟು, ಅದರ ಹೊರಗಿನ ಫ್ರೇಮ್‌ನಿಂದ ಅಳೆಯುತ್ತಾರೆ. ಚಿತ್ರ ಬಿಡಿಸುವ ಇನ್ನೊಂದು ಸಾಫ್ಟ್‌ವೇರ್ ಇಲಸ್ಟ್ರೇಟರ್‌ನ ಸ್ಕ್ರಿಪ್ಟ್‌ನಲ್ಲಿ ವೈ ಬೆಲೆ ಮೇಲಕ್ಕೆ ಹೋದಂತೆ ಹೆಚ್ಚುತ್ತದೆ, ಎಸ್‌ವಿಜಿಯಲ್ಲಿ ಕೆಳಕ್ಕೆ ಹೋದಂತೆ. ಆದ್ದರಿಂದ ಹೊಸ ಸಾಫ್ಟ್‌ವೇರ್ ಕಲಿಯುವಾಗ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ: ಈ ಸಂಖ್ಯೆಯನ್ನು ಎಲ್ಲಿಂದ ಅಳೆದಿದ್ದಾರೆ?

ಫಿಗ್ಮಾ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ. ಅಲ್ಲಿ ಪ್ಲಗಿನ್‌ಗೆ ಎರಡು ಭಾಗ. ಡಾಕ್ಯುಮೆಂಟ್ ಮುಟ್ಟಬಲ್ಲ ಭಾಗಕ್ಕೆ ಬ್ರೌಸರ್‌ನ ಸೌಲಭ್ಯಗಳು ನೇರವಾಗಿ ಸಿಗುವುದಿಲ್ಲ. ಬಟನ್, ಫಾರ್ಮ್ ತೋರಿಸುವ ಭಾಗಕ್ಕೆ ಡಾಕ್ಯುಮೆಂಟ್ ಸಿಗುವುದಿಲ್ಲ. ಎರಡೂ ಸಂದೇಶ ಕಳಿಸಿಕೊಂಡೇ ಮಾತಾಡಬೇಕು. ಬಣ್ಣಗಳ ಬೆಲೆ 0ಯಿಂದ 1ರ ನಡುವೆ ಇರುತ್ತದೆ, ಬೇರೆ ಕಡೆ ರೂಢಿಯಲ್ಲಿರುವ 0ಯಿಂದ 255ರ ಲೆಕ್ಕ ಅಲ್ಲಿ ನಡೆಯದು. ಪಠ್ಯ ಬದಲಿಸುವ ಮೊದಲು ಅದರ ಫಾಂಟ್ ಲೋಡ್ ಮಾಡಲೇಬೇಕು. ಒಂದೇ ಸಾಲಿನಲ್ಲಿ ಎರಡು ಫಾಂಟ್ ಇದ್ದರೆ ಎರಡನ್ನೂ ಲೋಡ್ ಮಾಡಬೇಕು. ಆ ಫಾಂಟ್ ಬಳಸುವವರ ಹತ್ತಿರ ಇಲ್ಲದೇ ಇದ್ದರೆ ಪಠ್ಯವನ್ನು ಹಾಗೇ ಬಿಟ್ಟು, ಯಾವ ಲೇಯರ್ (ಚಿತ್ರದ ಪದರ) ಬಿಟ್ಟೆವು ಅಂತ ತಿಳಿಸಬೇಕು. ಸುಮ್ನೆ ನಿಂತುಹೋಗುವ ಪ್ಲಗಿನ್ ಅನ್ನು ಯಾರೂ ಎರಡನೇ ಸಲ ನಂಬುವುದಿಲ್ಲ.

ನಂಬಿಕೆಯ ಮಾತು ಬಂದಾಗ ನಾನು ಅತಿ ಜಾಸ್ತಿ ಕಾಳಜಿ ಮಾಡುವುದು ಅಂಡೂ ಬಗ್ಗೆ, ಅಂದರೆ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತರುವ ಸೌಲಭ್ಯದ ಬಗ್ಗೆ. ಪ್ಲಗಿನ್ ನೂರಾರು ಲೇಯರ್ ಬದಲಿಸಿದರೂ ಒಂದೇ ಅಂಡೂನಲ್ಲಿ ಎಲ್ಲ ಹಿಂದಕ್ಕೆ ಬರಬೇಕು. ಇಂಕ್‌ಸ್ಕೇಪ್‌ನಲ್ಲಿ ಇದು ತಾನಾಗಿಯೇ ಆಗುತ್ತದೆ. ಫೋಟೋ ತಿದ್ದುವ ಗಿಂಪ್‌ನಲ್ಲಿ ಅಂಡೂ ಗುಂಪನ್ನು ನಾವೇ ತೆರೆದು ಮುಚ್ಚಬೇಕು. ಫೋಟೋಶಾಪ್‌ನಲ್ಲಿ ಹಿಸ್ಟರಿಯನ್ನು (ಮಾಡಿದ ಹೆಜ್ಜೆಗಳ ಪಟ್ಟಿ) ತಡೆಹಿಡಿದು, ಎಲ್ಲ ಹೆಜ್ಜೆಗಳನ್ನೂ ಒಂದೇ ಹೆಸರಿನಡಿ ಸೇರಿಸಬಹುದು. ಬೇರೆಯವರು ಗಂಟೆಗಟ್ಟಲೆ ಕೂತು ಮಾಡಿದ ಫೈಲ್ ಅದು. ಅದನ್ನು ಮೊದಲಿದ್ದ ಹಾಗೆ ವಾಪಸ್ ಕೊಡಲು ಆಗದಿದ್ದರೆ ನಮಗೆ ಅದನ್ನು ಮುಟ್ಟುವ ಹಕ್ಕಿಲ್ಲ ಅನ್ನುವುದು ನನ್ನ ನಿಲುವು.

ಪರೀಕ್ಷೆಗೆ ನೀಟಾದ ಫೈಲ್ ಬೇಡ. ಒಂದು ಕೆಟ್ಟ ಫೈಲ್ ತಯಾರಿಸಿ ಇಟ್ಟುಕೊಳ್ಳಿ. ಅದರಲ್ಲಿ ಲಾಕ್ ಆದ ಲೇಯರ್, ಮರೆಮಾಡಿದ ಲೇಯರ್, ಖಾಲಿ ಪಠ್ಯ, ತಿರುಗಿಸಿದ ಗ್ರೂಪ್ ಒಳಗೆ ಹಿಗ್ಗಿಸಿದ ಗ್ರೂಪ್, ಒಂದೇ ಹೆಸರಿನ ಹಲವು ಲೇಯರ್, ಎಲ್ಲ ಇರಲಿ. ಪ್ರತಿ ಬದಲಾವಣೆ ಆದಮೇಲೂ ಪ್ಲಗಿನ್ ಅನ್ನು ಅದರ ಮೇಲೆ ಓಡಿಸಿ. ಆಮೇಲೆ ಏನನ್ನೂ ಆಯ್ಕೆ ಮಾಡದೆ ಒಮ್ಮೆ ಓಡಿಸಿ ನೋಡಿ.