ಆಕಳು ಓಡ್ತದೆ, ಎಮ್ಮೆ ನಿಲ್ತದೆ

ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಾಡಂಚಿನಲ್ಲಿ ಶಾಲೆ ನಡೆಸುವುದೇ ಒಂದು ಕಸರತ್ತು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಾಠ ಕೇಳಿಸುವುದಿಲ್ಲ. ಕರೆಂಟ್ ಇರುವುದಿಲ್ಲ. ಹಳ್ಳ ತುಂಬಿದರೆ ಆಚೆ ದಡದ ಮಕ್ಕಳು ಬರುವುದಿಲ್ಲ. ಬಂದವರು ಜಗುಲಿಯಲ್ಲಿ ಕೂತು ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ, ಉಪ್ಪು ಹಾಕುತ್ತಾ ಮೊದಲ ಪೀರಿಯಡ್ ಮುಗಿಸಿಬಿಡುತ್ತಾರೆ. ನಾನು ಧಾರವಾಡದ ಕಡೆಯವಳು. ನಮ್ಮ ಕಡೆ ಮಳೆ ಬಂದರೆ ಖುಷಿ, ಇಲ್ಲಿ ನಿಂತರೆ ಖುಷಿ.

ನಮ್ಮದು ಸಣ್ಣ ಸರ್ಕಾರಿ ಶಾಲೆ. ಆದರೆ ಬರುವ ಮಕ್ಕಳು ನಾಲ್ಕೂ ದಿಕ್ಕಿನವರು. ಅಡಿಕೆ ತೋಟದ ಹವ್ಯಕರ ಮನೆಯವರು, ಆಫ್ರಿಕಾ ಮೂಲದ ಸಿದ್ದಿಯರ ಕೇರಿಯವರು, ಎಮ್ಮೆ ಸಾಕುವ ಗೌಳಿಗರ ಕಾಡೊಳಗಿನ ಗೌಳಿವಾಡದಿಂದ ನಡೆದು ಬರುವವರು. ಇವರ ಜೊತೆಗೆ ರಸ್ತೆ ಕೆಲಸಕ್ಕೆ ವಿಜಯಪುರದ ಕಡೆಯಿಂದ ಬಂದು ಶೆಡ್ ಹಾಕಿಕೊಂಡವರ ಮಕ್ಕಳು. ಪ್ರಾರ್ಥನೆಗೆ ಮುಂಚೆ ಜಗುಲಿಯಲ್ಲಿ ನಿಂತರೆ ಹವಿಗನ್ನಡ, ಕೊಂಕಣಿ ಬೆರೆತ ಸಿದ್ದಿ ಮಾತು, ಗೌಳಿಗರ ಮರಾಠಿ, ವಿಜಯಪುರದ ಖಡಕ್ ಕನ್ನಡ ಎಲ್ಲ ಒಟ್ಟಿಗೇ ಕಿವಿಗೆ ಬೀಳುತ್ತದೆ. ಗೋಡೆಯ ಮೇಲೆ 'ವಿವಿಧತೆಯಲ್ಲಿ ಏಕತೆ' ಅಂತ ನೀಲಿ ಬಣ್ಣದಲ್ಲಿ ದಪ್ಪಗೆ ಬರೆಸಿದ್ದಾರೆ. ಅದರ ಕೆಳಗೇ ಮಕ್ಕಳು ತಮ್ಮ ತಮ್ಮ ಕೇರಿಯವರ ಜೊತೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆ ಯಾರು ಓದುತ್ತಾರೆ, ಅಲ್ವಾ?

ಊಟದ ಹೊತ್ತಿಗೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮಕ್ಕಳಿಗೆ ಯಾರೂ ಬೇರೆ ಬೇರೆ ಕೂರಿ ಅಂತ ಹೇಳಿಲ್ಲ. ಆದರೂ ಮೊಟ್ಟೆಯವರದ್ದು ಒಂದು ಸಾಲು, ಬಾಳೆಹಣ್ಣಿನವರದ್ದು ಇನ್ನೊಂದು ಸಾಲು ತಾನಾಗಿಯೇ ಆಗಿಬಿಟ್ಟಿರುತ್ತದೆ. ಜಗಳವಿಲ್ಲ, ಬೈಗುಳವಿಲ್ಲ. ಅವರ ಪಾಡಿಗೆ ಅವರು, ಇವರ ಪಾಡಿಗೆ ಇವರು.

ಹಾಗಂತ 'ಸಂಸ್ಕೃತಿ ಪರಿಚಯ' ನಡೆಯುವುದೇ ಇಲ್ಲ ಅಂತಲ್ಲ. ನಡೆಯುತ್ತದೆ, ಅತಿಥಿಗಳು ಬಂದಾಗ. ಸಿದ್ದಿ ಮಕ್ಕಳ ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಬಣ್ಣ ಬಳಿದು ಕುಣಿಸುವುದು ಈ ಕಡೆಯ ಎಷ್ಟೋ ಸಮಾರಂಭಗಳಲ್ಲಿ ರೂಢಿಯಾಗಿಬಿಟ್ಟಿದೆ. ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆರನೇ ತರಗತಿಯ ಸಿದ್ದಿ ಹುಡುಗಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದಳು: "ಅಕ್ಕೋರೆ, ನಮ್ಮನೇಲಿ ಯಾರೂ ಸೊಪ್ಪು ಕಟ್ಕೊಳ್ಳೂದಿಲ್ಲ. ಡಮಾಮಿ ಬಾರಿಸಿ ಹಾಡುವಾಗ ಅಜ್ಜಿ ಸೀರೆನೇ ಉಟ್ಟಿರ್ತಾಳೆ. ಇಲ್ಲಿ ಮಾತ್ರ ಯಾಕೆ ಸೊಪ್ಪು?" ಏನು ಹೇಳಲಿ? ನೋಡುವವರಿಗೆ ಅದು ಬೇಕು, ಅದಕ್ಕೆ. ಹನ್ನೊಂದು ವರ್ಷದ ಮಗುವಿಗೆ ಇದನ್ನು ಹೇಳುವುದು ಹೇಗೆ?

ಹೋದ ಮಳೆಗಾಲದಲ್ಲಿ ಬ್ಯಾಗ್ ಇಲ್ಲದ ಒಂದು ಶನಿವಾರ ಬಂತು. ಆಟಕ್ಕೆ ಬಿಡೋಣ ಅಂದರೆ ಮೈದಾನ ಕೆರೆಯಾಗಿತ್ತು. ಸರಿ, ಕಥೆ ಹೇಳಿಸೋಣ ಅಂದುಕೊಂಡೆ. ನಿಯಮ ಇಷ್ಟೇ. ಮನೆಯಲ್ಲಿ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ ಒಂದು ಕಥೆ ತರಬೇಕು. ಶುಕ್ರವಾರ ಅದನ್ನು ಜೋಡಿಯ ಕಿವಿಗೆ ಹಾಕಬೇಕು. ಶನಿವಾರ ಎಲ್ಲರ ಮುಂದೆ ನಿನ್ನ ಕಥೆಯನ್ನು ನಿನ್ನ ಜೋಡಿ ಹೇಳಬೇಕು, ಅವರದ್ದನ್ನು ನೀನು. ತಪ್ಪು ಹೇಳಿದರೆ ಕಥೆಯ ಯಜಮಾನ 'ಹಾಗಲ್ಲ' ಅಂತ ಕೂಗಬಹುದು. ಹೀಗೆ ಅದಲು ಬದಲು ಮಾಡಿಸಿದ್ದಕ್ಕೆ ಕಾರಣವಿದೆ. ತಮ್ಮ ಕಥೆ ತಾವೇ ಹೇಳುವುದಾದರೆ ಮಕ್ಕಳು ಇನ್ನೊಬ್ಬರದ್ದನ್ನು ಕೇಳುವುದೇ ಇಲ್ಲ. ಸರದಿ ಬರುವವರೆಗೂ ತಮ್ಮದನ್ನೇ ಬಾಯಲ್ಲಿ ಗುನುಗುತ್ತಾ ಕೂತಿರುತ್ತಾರೆ. ಜೋಡಿಗಳನ್ನು ನಾನೇ ಮಾಡಿದೆ. ಒಂದೇ ಸಾಲಿನಲ್ಲಿ ಊಟಕ್ಕೆ ಕೂರದವರನ್ನೇ ಹುಡುಕಿ ಹುಡುಕಿ ಸೇರಿಸಿದೆ.

ಹೆಸರು ಬೇಡ. ಊರು ಚಿಕ್ಕದು, ಮಕ್ಕಳು ಚುರುಕು, ನಾಳೆ ನನ್ನನ್ನೇ ನಿಲ್ಲಿಸಿ ಕೇಳುತ್ತಾರೆ.

ಮೊದಲು ಎದ್ದವನು ಗೌಳಿವಾಡದ ಹುಡುಗ. ಅವನ ಜೋಡಿ ತೋಟದ ಮನೆಯ ಹವ್ಯಕರ ಹುಡುಗಿ. ಅವಳು ಕೊಟ್ಟ ಕಥೆ ಪುಣ್ಯಕೋಟಿಯದು. ಕನ್ನಡದ ಮಕ್ಕಳಿಗೆ ಇದಕ್ಕಿಂತ ಹಳೆಯ ನೆಂಟಸ್ತನ ಬೇರೆ ಇಲ್ಲ. ಹುಲಿ ಅಡ್ಡ ಹಾಕಿದ್ದು, ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಮಾತು ಕೊಟ್ಟದ್ದು, ವಾಪಸ್ ಬಂದದ್ದು ಎಲ್ಲ ಸರಿಯಾಗಿಯೇ ಹೇಳಿದ. ಕೊನೆಗೆ ಬಂದು ನಿಂತ.

"ಆಮೇಲೆ ಹುಲಿ ಹಾರಿ ಪ್ರಾಣ ಬಿಡ್ತು ಅಂತ ಇವಳು ಹೇಳಿದ್ಲು. ಅದು ಮಾತ್ರ ಸುಳ್ಳು ಅಕ್ಕೋರೆ."

"ಹಾಗಲ್ಲ! ಅದಕ್ಕೆ ಪಶ್ಚಾತ್ತಾಪ ಆಯ್ತು," ಅವಳು ಎದ್ದಳು.

"ಹುಲಿಗಾ?" ಅಂದ ಅವನು.

ತರಗತಿಯೆಲ್ಲ ನಕ್ಕಿತು. ಅವನು ಮಾತ್ರ ನಗಲಿಲ್ಲ. ಹುಲಿಗೆ ಹಸಿವಾಗಿತ್ತು, ಕೇಳಿತು. ಇದು ಬೇಡ ಅನ್ನಿಸಿದರೆ ಬೇರೆ ಹುಡುಕಿಕೊಂಡು ಹೋಗುತ್ತದೆ. ಸಾಯುವುದು ಯಾಕೆ? ಇದು ಅವನ ವಾದ. ಸುಮ್ನೆ ತರ್ಕಕ್ಕೆ ಹೇಳಿದ್ದಲ್ಲ. ಪಕ್ಕದ ಜೊಯಿಡಾ, ದಾಂಡೇಲಿಯ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿದೆ, ಈಗ ಅದಕ್ಕೆ ಕಾಳಿ ಅಂತ ಹೆಸರು. ಎಮ್ಮೆ ಮೇಯಿಸುವ ಮನೆಯಲ್ಲಿ ಹುಟ್ಟಿದವನಿಗೆ ಹುಲಿ ಅಂದರೆ ಪುಸ್ತಕದ ಚಿತ್ರವಲ್ಲ.

ಈಗ ಅವಳ ಸರದಿ. ಅವನ ಅಜ್ಜನಿಗೆ ನಿಜವಾಗಿ ಆದ ಸಂಗತಿಯೇ ಅವನ ಕಥೆ. ಸಂಜೆ ಕಾಡಿನಿಂದ ದನ ಹೊಡೆದುಕೊಂಡು ಬರುವಾಗ ದಾರಿಯಲ್ಲಿ ಹುಲಿ ಎದುರಾಯಿತು. "ಆಗ ಆಕಳೆಲ್ಲ ಅಜ್ಜನ ಸುತ್ತ..." ಅಂತ ಅವಳು ಹೇಳುತ್ತಿದ್ದಂತೆ ಇವನು ಬೆಂಚಿನ ಮೇಲೆ ಹತ್ತಿಯೇ ಬಿಟ್ಟ.

"ಹಾಗಲ್ಲ! ಆಕಳಲ್ಲ, ಎಮ್ಮೆ! ಆಕಳು ಓಡ್ತದೆ, ಎಮ್ಮೆ ನಿಲ್ತದೆ!"

ಹವ್ಯಕರ ಮನೆಯ ಹುಡುಗಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? "ನಮ್ಮನೆ ಗೌರಿ ಓಡೂದಿಲ್ಲ," ಅಂದಳು, ಮುಖ ಕೆಂಪಗೆ ಮಾಡಿಕೊಂಡು. ಎರಡು ನಿಮಿಷದಲ್ಲಿ ಇಡೀ ತರಗತಿ ಆಕಳ ಪಾರ್ಟಿ, ಎಮ್ಮೆ ಪಾರ್ಟಿ ಅಂತ ಎರಡಾಯಿತು. ನಾನು ಸುಮ್ಮನಿದ್ದೆ. ಆಮೇಲೆ ಅವನೇ ಕೆಳಗಿಳಿದು ಬಂದು ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದ. ನಡುವೆ ಒಂದು ಚುಕ್ಕೆ, ಅದು ಅಜ್ಜ. ಅಜ್ಜನ ಪಕ್ಕ ಸಣ್ಣ ಚುಕ್ಕೆಗಳು, ಅವು ಕರುಗಳು. ಸುತ್ತ ಎಮ್ಮೆಗಳು, ಕೊಂಬು ಹೊರಕ್ಕೆ, ಬಾಲ ಒಳಕ್ಕೆ. ಹುಲಿ ಒಂದು ಸುತ್ತು ಬಂದು ನೋಡಿ ಹೋಯಿತಂತೆ. ಆಕಳ ಪಾರ್ಟಿಯವರೂ ಎದ್ದು ಬಂದು ಬೋರ್ಡಿನ ಹತ್ತಿರ ನಿಂತರು. "ಕರೂನ ಒಳಗೆ ಹೋಗು ಅಂತ ಯಾರು ಹೇಳ್ತಾರೆ?" ಅಂತ ಒಬ್ಬ ಕೇಳಿದ. "ತಾಯಿ ದೂಡ್ತದೆ," ಅಂದ ಇವನು, ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ.

ಆ ಹುಡುಗಿ ಸುಲಭಕ್ಕೆ ಬಿಡುವವಳಲ್ಲ. "ನಾವು ದೀಪಾವಳಿಗೆ ಹುಲಿಯಪ್ಪಗೆ ಕಾಯಿ ಒಡೀತೇವೆ, ಗೊತ್ತುಂಟಾ?" ಅಂದಳು.

"ನೀವೂನಾ? ಯಾಕೆ?"

"ಕೊಟ್ಟಿಗೆಗೆ ಬರಬಾರ್ದಲ್ಲ."

ಅವನು ಒಂದು ಕ್ಷಣ ಯೋಚನೆ ಮಾಡಿ ಹೇಳಿದ: "ಕಾಯಿ ಒಡೆದು ಪೂಜೆನೂ ಮಾಡ್ತೀರಿ, ಕಥೇಲಿ ಸಾಯಿಸ್ತೀರಿ!"

ನಾನು ಇಷ್ಟು ವರ್ಷ ಪುಣ್ಯಕೋಟಿ ಪಾಠ ಮಾಡಿದ್ದೇನೆ, ಈ ಮಾತಿಗೆ ಉತ್ತರ ಹೊಳೆಯಲಿಲ್ಲ. ಗೌಳಿಗರ ಬಗ್ಗೆ ನಾನು ಪಾಠ ಮಾಡಿದ್ದರೆ ಏನು ಹೇಳುತ್ತಿದ್ದೆ? ಮಹಾರಾಷ್ಟ್ರದ ಕಡೆಯಿಂದ ಬಂದವರು, ಎಮ್ಮೆ ಸಾಕುತ್ತಾರೆ, ಮನೆಮಾತು ಮರಾಠಿ, ದಸರಾ ಅವರಿಗೆ ದೊಡ್ಡ ಹಬ್ಬ. ನಾಲ್ಕು ಮಾರ್ಕಿನ ಉತ್ತರ. ಅದರಲ್ಲಿ ಕರುವನ್ನು ಒಳಗೆ ದೂಡುವ ತಾಯಿ ಎಮ್ಮೆ ಬರುತ್ತಿರಲಿಲ್ಲ. 'ಎಲ್ಲರನ್ನೂ ಗೌರವಿಸಿ' ಅಂತ ಹೇಳಿದಾಗ ಮಕ್ಕಳು ಕೈಕಟ್ಟಿ ತಲೆಯಾಡಿಸುತ್ತಾರೆ, ಅಷ್ಟೇ. ಜಗಳವಾಡಬೇಕಾದರೆ ಮಾತ್ರ ಎದುರಿನವನ ಕಥೆ ಪೂರ್ತಿ ಗೊತ್ತಿರಬೇಕಾಗುತ್ತದೆ.

ಒಂದು ಮೊಲದ ಕಥೆಯೂ ಬಂತು. ಹೇಳಿಕೊಟ್ಟವನ ಅಪ್ಪ ಮುಂಡಗೋಡದಲ್ಲಿ ಟೆಂಪೋ ಓಡಿಸುತ್ತಾನೆ. ಅಲ್ಲಿ 1966ರಿಂದ ಟಿಬೆಟಿಯನ್ನರ ಕ್ಯಾಂಪ್ ಇದೆ. ಅಂಗಡಿಯ ಟಿಬೆಟಿ ಅಜ್ಜಿಯೊಬ್ಬರು ಹೇಳಿದ್ದಂತೆ. ಕೆರೆಗೆ ಹಣ್ಣು ಬಿದ್ದು 'ಚಲ್' ಅಂತ ಸದ್ದಾಗುತ್ತದೆ. ಮೊಲಗಳು ಹೆದರಿ ಓಡುತ್ತವೆ, ಅವುಗಳ ಹಿಂದೆ ಕಾಡಿನ ಪ್ರಾಣಿಗಳೆಲ್ಲ ಓಡುತ್ತವೆ. "ಇದು ನಮ್ಮ ಕಥೆ, ಅವರು ಕದ್ದಿದ್ದಾರೆ," ಅಂತ ಒಬ್ಬಳು ಸಿಟ್ಟು ಮಾಡಿಕೊಂಡಳು. ಜಾತಕ ಕಥೆಗಳಲ್ಲಿ ಇಂಥದ್ದೇ ಒಂದಿದೆ, ಬುದ್ಧನ ಜೊತೆ ಇಲ್ಲಿಂದ ಟಿಬೆಟಿಗೆ ಹೋಗಿ ಈಗ ಟೆಂಪೋ ಹತ್ತಿ ವಾಪಸ್ ಬಂದಿದೆ ನೋಡು ಅಂದೆ. ಅವಳಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ.

ಸೊಪ್ಪಿನ ಬಗ್ಗೆ ಕೇಳಿದ್ದ ಸಿದ್ದಿ ಹುಡುಗಿಗೆ ನಾನು ಜೋಡಿ ಮಾಡಿದ್ದು ವಿಜಯಪುರದ ಹುಡುಗನನ್ನು. ಅವನು ಜೂನ್‌ನಲ್ಲಷ್ಟೇ ಸೇರಿದ್ದ. ಬಾಯಿ ತೆರೆದರೆ ಉಳಿದವರು ಅವನ ಮಾತನ್ನು ಅಣಕಿಸುತ್ತಿದ್ದರು, ಹಾಗಾಗಿ ಬಾಯಿ ತೆರೆಯುತ್ತಲೇ ಇರಲಿಲ್ಲ. ಶುಕ್ರವಾರ ಇಬ್ಬರೂ ಕಿಟಕಿಯ ಹತ್ತಿರ ಕೂತಿದ್ದಾಗ ಅವನು ಕೇಳಿದ ಮೊದಲ ಪ್ರಶ್ನೆ ನನ್ನ ಕಿವಿಗೆ ಬಿತ್ತು. "ನಿನ್ನ ಕೂದ್ಲ ಯಾಕ ಹಂಗ ಸುರುಳಿ ಅದಾವ?" ನಾನು ಎದ್ದು ಹೋಗುವಷ್ಟರಲ್ಲಿ ಅವಳೇ ಉತ್ತರ ಕೊಟ್ಟಾಗಿತ್ತು. "ನಿಂದು ಯಾಕೆ ಹಾಗೆ ಮಲಗಿಬಿಟ್ಟದೆ?" ಅವನು ತನ್ನ ತಲೆ ಮುಟ್ಟಿ ನೋಡಿಕೊಂಡ. ವಿಷಯ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಅವಳನ್ನು "ನೀನು ಯಾವ ದೇಶ?" ಅಂತ ಕೇಳುವ ದೊಡ್ಡವರಿಗಿಂತ ಇವನೇ ವಾಸಿ ಅನ್ನಿಸಿತು. ಇವನು ಕೇಳಿ ಉತ್ತರಕ್ಕೆ ಕಾಯುತ್ತಾನಾದರೂ.

ಅವಳು ಕೊಟ್ಟ ಕಥೆ ಅಜ್ಜಿ ಹೇಳಿದ್ದು, ಹಿರಿಯರು ಗೋವಾದಿಂದ ಓಡಿಬಂದದ್ದು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿಕೊಂಡರು. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಡೆ ಇರುವ ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. ಪರಿಶಿಷ್ಟ ಪಂಗಡ ಅಂತ ಸರ್ಕಾರ ಅವರನ್ನು ಗುರುತಿಸಿದ್ದು 2003ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಅಜ್ಜಿಯ ಕಥೆಯಲ್ಲಿ ಇಸವಿ ಇರಲಿಲ್ಲ. ರಾತ್ರಿ, ಕಾಡು, ಅಳುವ ಮಗುವಿನ ಬಾಯಿ ಮುಚ್ಚಿ ನಡೆದ ತಾಯಿ, ಇಷ್ಟೇ.

ಶನಿವಾರ ಆ ಹುಡುಗ ಎದ್ದು ನಿಂತು ಶುರು ಮಾಡಿದ. ಮೊದಲು ಯಾರೋ ಕಿಸಕ್ ಅಂದರು. ಸಿದ್ದಿ ಹುಡುಗಿ ತಿರುಗಿ ಒಂದು ನೋಟ ನೋಡಿದಳು, ಆ ಕಡೆಯಿಂದ ಮತ್ತೆ ಸದ್ದು ಬರಲಿಲ್ಲ. ಅವನು ಹೇಳುತ್ತಾ ಹೋದ ಹಾಗೆ ಕಥೆ ಬೆಳೆಯಿತು. ಹಿಂದೆ ಸಿಪಾಯಿಗಳು ಬಂದರು, ಕಂದೀಲು ಬಂತು, ನಾಯಿಗಳು ಬೊಗಳಿದವು.

"ಹಾಗಲ್ಲ, ನಾಯಿ ಇರಲಿಲ್ಲ," ಅಂದಳು ಅವಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇದ್ದಿರಬಹುದು. ಅಜ್ಜಿನ್ನ ಕೇಳ್ತೆ."

ಕೊನೆಗೆ ಅವನು ತನ್ನ ಮಾತನ್ನೂ ಸೇರಿಸಿದ. "ನಾವೂ ರಾತ್ರಿನ ಬಂದೀವ್ರಿ ಟೀಚರ್. ಲಾರ‍್ಯಾಗ. ತಮ್ಮ ಅಳಾಕತ್ತಿದ್ದ, ಅವ್ವ ಅವನ ಬಾಯಿ ಮುಚ್ಚಿದ್ಲು." ಯಾಕೆ ಮುಚ್ಚಿದಳು ಅಂತ ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ನಮ್ಮ ಕಡೆಯ ಮಾತು ಅಷ್ಟು ದಿನದ ಮೇಲೆ ಕಿವಿಗೆ ಬಿದ್ದಿತ್ತು. ನಾನು ಹಾಜರಿ ಪುಸ್ತಕ ಹುಡುಕುವ ನೆಪದಲ್ಲಿ ಬೀರುವಿನ ಕಡೆ ತಿರುಗಿದೆ.

ಅವನು ಅವಳಿಗೆ ಕೊಟ್ಟದ್ದು ಕಥೆಯೇ ಅಲ್ಲ, ಅವನ ಅವ್ವ ಹಳೆ ಸೀರೆಯಲ್ಲಿ ಕೌದಿ ಹೊಲಿಯುವ ವಿಷಯ. ಅವಳಿಗೆ ಅದು ಬಾಯಿಪಾಠ ಮಾಡಬೇಕಾದ ಸಂಗತಿಯೇ ಆಗಿರಲಿಲ್ಲ. ಅವಳ ಅಜ್ಜಿಯೂ ಹೊಲಿಯುತ್ತಾಳೆ. ಸೋಮವಾರ ಮನೆಯಿಂದ ತೊಟ್ಟಿಲ ಕೂಸಿಗೆ ಹೊಲಿದ ಸಣ್ಣ ಕೌದಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಳು. ಕೆಂಪು, ಹಳದಿ, ಹಸಿರು ತುಂಡು ಬಟ್ಟೆಗಳು, ಅಂಚಿನಿಂದ ನಡುವಿಗೆ ಸುತ್ತಿಕೊಂಡು ಬಂದ ದಪ್ಪ ಹೊಲಿಗೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಕೂರಿಸಿದ ಹೂವು. ನಡುವಿನ ಒಂದು ತುಂಡನ್ನು ಹುಡುಗನ ಬೆರಳಿಂದ ಒತ್ತಿಸಿದಳು. ಒಳಗೆ ಏನೋ ಕಾಳಿನ ಹಾಗೆ ಸಿಕ್ಕಿತು. ಅಕ್ಕಿ. ಕೊನೆಯ ತುಂಡು ಮುಚ್ಚುವ ಮುಂಚೆ ಅಜ್ಜಿ ನಾಲ್ಕು ಕಾಳು ಹಾಕುತ್ತಾಳಂತೆ, ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಎಲ್ಲರೂ ಸಾಲಾಗಿ ಬಂದು ಒತ್ತಿ ನೋಡಿದರು. ನಾನೂ ಒತ್ತಿದೆ.

ಆ ಶನಿವಾರದ ಊಟದ ಬಗ್ಗೆ ಹೇಳಬೇಕು. ಉಪ್ಪಿಟ್ಟು ಬಡಿಸುವ ಹೊತ್ತಿಗೂ ಆಕಳು, ಎಮ್ಮೆಯ ಜಗಳ ಮುಗಿದಿರಲಿಲ್ಲ. ಎದುರಾಳಿ ಪಕ್ಕದಲ್ಲೇ ಇರಬೇಕಲ್ಲ ವಾದಕ್ಕೆ! ಹಾಗಾಗಿ ಬಾಳೆಹಣ್ಣಿನವರು ಮೊಟ್ಟೆಯವರ ನಡುವೆ ಹೊಕ್ಕು ಕೂತರು. ಅಡುಗೆಯವರು ಯಾರಿಗೆ ಏನು ಕೊಡಬೇಕು ಅಂತ ತಿಳಿಯದೆ ಬೈದರು. ಮುಂದಿನ ವಾರ ಸಾಲುಗಳು ಮತ್ತೆ ಹೆಚ್ಚುಕಡಿಮೆ ಮೊದಲಿನ ಹಾಗೇ ಆದವು. ಹೆಚ್ಚುಕಡಿಮೆ ಅಂದೆ, ಯಾಕೆಂದರೆ ಆ ಇಬ್ಬರು ಮಾತ್ರ ಇನ್ನೂ ವಾದ ಮುಗಿಸಿರಲಿಲ್ಲ.

ಗಣೇಶ ಚೌತಿಯ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಗೌಳಿವಾಡದ ಅಜ್ಜ ಶಾಲೆಗೇ ಬಂದರು. ಕಂಬಳಿ, ಕೋಲು, ಕೈಯಲ್ಲೊಂದು ಮೊಸರಿನ ಕ್ಯಾನು. ಮೊಮ್ಮಗ ಏನೋ ಹೇಳಿದ್ದಾನಂತೆ, ಊರೆಲ್ಲ ಮಾತಾಡುತ್ತಿದೆ, ಸರಿಪಡಿಸಲು ಬಂದೆ ಅಂದರು. ಮಕ್ಕಳು ಸುತ್ತ ಸೇರಿದರು.

"ಎಮ್ಮೆ ನಿಂತದ್ದು ಖರೆ," ಅಂದರು ಅಜ್ಜ. "ಕರೂನ ಒಳಗೆ ಹಾಕಿದ್ದೂ ಖರೆ. ಆದ್ರೆ ಅದು ಹುಲಿ ಅಲ್ಲ. ಚಿರತೆ."

ಮೊದಲು "ಹಾಗಲ್ಲ!" ಅಂತ ಕೂಗಿದ್ದು ಆಕಳ ಪಾರ್ಟಿಯ ಹುಡುಗಿ. ಎರಡು ತಿಂಗಳು ಹುಲಿಯ ಮೇಲೆ ವಾದ ಮಾಡಿದ್ದಾಳೆ, ಈಗ ಚಿರತೆ ಅಂದರೆ ಹೇಗೆ? ಅವಳ ಹಿಂದೆ ಇಡೀ ತರಗತಿ ಕೂಗಿತು. ಮೊಮ್ಮಗನೂ ಅವರ ಜೊತೆ ಸೇರಿಕೊಂಡ. ಅಜ್ಜ ನನ್ನ ಮುಖ ನೋಡಿದರು. ನಾನು ಯಾರ ಪರವೂ ಹೇಳಲಿಲ್ಲ.

"ಆಗ್ಲಿ ಬಿಡ್ರಿ," ಅಂದು ಕ್ಯಾನು ಕೆಳಗಿಟ್ಟರು. "ಹುಲಿನೇ."